ಸುಣ್ಣ ಮೆತ್ತಿದ ಡಾಂಗಲ್

ಆ ಮಂಗಳವಾರದ ಡೈರಿ ಪುಟ ತೆರೆದರೆ ಈಗಲೂ ಮೈ ಉರಿಯುತ್ತದೆ. ಬರೆದಿರುವುದು ಇಷ್ಟೇ: ‘ಒಟ್ಟು ಫೈಲು 286. ಆದದ್ದು 197. ಉಳಿದದ್ದು 89.’

ಆಗ ನಾನು ಶಿರಾಲಿಯಿಂದ ದಿನಾ ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋಗಿ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಆ ಫೈಲುಗಳು ಒಬ್ಬ ನಿವೃತ್ತ ಮಾಸ್ತರರವು. ತೆಂಗಿನಗುಂಡಿಯಿಂದ ಕುಮಟೆಯವರೆಗೆ ಮನೆಮನೆಗೆ ಹೋಗಿ ಮೀನು, ಬಲೆ, ದೋಣಿ, ಗಾಳಿಗಳ ಹೆಸರುಗಳನ್ನು ಕೂಡಿಸಿದ್ದರು. ಒಂದು ಹಾಳೆಗೆ ಒಂದು ಫೈಲು. ತಿದ್ದಿ ಮುಗಿದ ಹಾಳೆಗಳಲ್ಲಿ ಲಗ್ನಪತ್ರಿಕೆಯ ಕಟ್ಟು ಸುತ್ತಿ ಕೊಡುವುದು ನಮ್ಮ ಅಂಗಡಿಯ ರೂಢಿ. ಮಾಸ್ತರರ ಕೈಬರಹವೂ ಹಾಗೆಯೇ ಹೋಯಿತು. ಸುತ್ತಿದವಳು ನಾನೇ.

ಉಳಿದದ್ದು ಕಂಪ್ಯೂಟರಿನಲ್ಲಿದ್ದದ್ದು ಮಾತ್ರ. ಅದನ್ನು ತೆರೆಯುವ ಕನ್ನಡ ತಂತ್ರಾಂಶಕ್ಕೆ ಒಂದು ಡಾಂಗಲ್ ಇತ್ತು. ಹೆಬ್ಬೆರಳಿನಷ್ಟು ಉದ್ದದ ಪರವಾನಗಿ ಕೀಲಿ. ಅದನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸದಿದ್ದರೆ ಒಂದಕ್ಷರವೂ ಕಾಣದು. ಇನ್ನೊಂದು ಕೀಲಿ ಕೊಡಿ ಎಂದು ಕಂಪನಿಗೆ ಏಳು ಸಲ ಫೋನ್ ಮಾಡಿದ್ದೆ. ಏಳು ಸಲವೂ ಒಂದೇ ಉತ್ತರ: ‘ಒಂದು ಪರವಾನಗಿಗೆ ಒಂದೇ ಕೀಲಿ.’ ಮನೆಯ ಬೀಗಕ್ಕೂ ಎರಡು ಕೀಲಿ ಕೊಡುತ್ತಾರೆ!

ಕೀಲಿಯ ನಕಲು ಸಿಗದಿದ್ದರೆ ಬೇಡ, ಬರಹವನ್ನಾದರೂ ಹೊರಗೆ ತೆಗೆದಿಡೋಣ ಎಂದುಕೊಂಡೆ. ಪ್ರತಿ ಫೈಲು ತೆರೆದು ಬೇರೆ ರೂಪದಲ್ಲಿ ಉಳಿಸಲು ಐದು ಕ್ಲಿಕ್ ಬೇಕು. ಕೈಯಿಂದ ಮಾಡಿದರೆ ಬೇರೆ ಕೆಲಸಗಳ ನಡುವೆ ದಿನಕ್ಕೆ ಹನ್ನೊಂದು ಫೈಲು ಆಗುತ್ತಿತ್ತು. ಒಂದು ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ, ನಾವು ಒಮ್ಮೆ ಒತ್ತಿ ತೋರಿಸಿದ್ದನ್ನು ತಾನೇ ಮತ್ತೆ ಮತ್ತೆ ಒತ್ತುವ ಸಣ್ಣ ಪ್ರೋಗ್ರಾಂ ಸಿಕ್ಕಿತು. ಮಂಗಳವಾರ ಬೆಳಿಗ್ಗೆ ಅದನ್ನು ಓಡಿಸಿದೆ.

ಪರದೆಯ ಮೇಲಿನ ಬಾಣ ತಾನಾಗಿ ಓಡಾಡುವುದನ್ನು ಮಾಲಕರು ಕಣ್ಣರಳಿಸಿ ನೋಡಿದರು. “ಎಂತದೇ ತಂಗೀ ಇದು? ಇದೇ ಒತ್ತಿಕೊಂಡ್ರೆ ನೀ ಎಂತಕ್ಕೆ ಇಪ್ಪದು?”

“ಅಣ್ಣಾ, ಸಂಜೆವರೆಗೆ ಡಾಂಗಲ್ ಮುಟ್ಟಬೇಡಿ.”

“ಆತು, ಆತು.”

ಮಧ್ಯಾಹ್ನ ಪ್ರೂಫ್ ಕೊಡಲು ಪಂಚಾಯಿತಿಗೆ ಹೋದೆ. ಮರಳಿ ಬಂದಾಗ ನಾಲ್ಕು ಗಂಟೆ. ಪರದೆಯ ನಡುವೆ ‘ಕೀಲಿ ಇಲ್ಲ’ ಎಂಬ ಚೌಕ, ಅದರ ಮೇಲೆ ಬಾಣ ಟಕ್ ಟಕ್ ಎಂದು ಒತ್ತುತ್ತಲೇ ಇತ್ತು. ಕೊನೆಯದಾಗಿ ಫೈಲು ಸೇವ್ ಆದದ್ದು 2.25ಕ್ಕೆ. ಒಂದು ಗಂಟೆ ಮೂವತ್ತೈದು ನಿಮಿಷ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ!

ಅಂಗಡಿ ಬಿಡುವಾಗ ಡಾಂಗಲ್ ಕಿತ್ತು ಕವಳದ ಸಂಚಿಗೆ ಹಾಕಿಕೊಳ್ಳುವುದು ಮಾಲಕರ ಅಭ್ಯಾಸ. ಕಳ್ಳರ ಭಯ. ಎಲೆ ಅಡಿಕೆಯ ಜೊತೆ ಅದೂ ಕುಮಟೆಯ ಬಸ್ಸು ಹತ್ತಿತ್ತು. ಸಂಜೆ ಅವರು ಮರಳಿ ಬಂದು ಸಂಚಿ ಬಿಚ್ಚಿದರೆ, ಸುಣ್ಣದ ಡಬ್ಬಿಯ ಮುಚ್ಚಳ ಕಳಚಿ ಡಾಂಗಲಿನ ಬಾಯಿ ತುಂಬ ಹಸಿ ಸುಣ್ಣ. ಒರೆಸಿದೆವು, ಒಣಗಿಸಿದೆವು. ಕಂಪ್ಯೂಟರ್ ಅದನ್ನು ಗುರುತಿಸಲೇ ಇಲ್ಲ.

“ಬೇಡ ಹೇಳಿದ್ದೆ ಅಲ್ದಾ ಅಣ್ಣಾ!”

“ಮರ್ತು ಹೋತು ಮಾರಾಯ್ತಿ. ಕೈ ತಾನೇ ಹೋಗಿ ಕಿತ್ತುಬಿಡ್ತು.”

ಅವರನ್ನು ಬೈಯಲಾದರೂ ಆಯಿತು. ಫೋನಿನಲ್ಲಿದ್ದ ಕಂಪನಿಯವನನ್ನು ಏನು ಮಾಡುವುದು? ಹಳೆಯ ತಂತ್ರಾಂಶದ ತಯಾರಿಕೆ ನಿಂತಿದೆಯಂತೆ, ಅದಕ್ಕೆ ಬೇರೆ ಕೀಲಿ ಸಿಗದಂತೆ. ಹೊಸದನ್ನು ಪೂರ್ತಿ ದರಕ್ಕೆ ಕೊಳ್ಳಬೇಕಂತೆ, ಅದು ಹಳೆಯ ಫೈಲು ತೆರೆಯುವುದಿಲ್ಲವಂತೆ. ಕೆಟ್ಟ ಡಾಂಗಲ್ ಮಾತ್ರ ವಾಪಸು ಕಳಿಸಬೇಕಂತೆ, ಏಕೆಂದರೆ ಅದು ಕಂಪನಿಯ ಸ್ವತ್ತು.

ಮಾಸ್ತರರು ಸುದ್ದಿ ಕೇಳಿ ಸ್ಟೂಲಿನ ಮೇಲೆ ಕುಳಿತರು. “ಮಾತು ನಮ್ಮ ಮೀನುಗಾರರದ್ದು, ಟೈಪ್ ಮಾಡಿದ್ದು ನೀನು. ನಡುವೆ ಇವರ ಬೀಗ ಎಂತಕ್ಕೆ?” ಎಂದರು. ಸ್ಟೂಲನ್ನು ನನ್ನ ಹತ್ತಿರ ಎಳೆದುಕೊಂಡು, “ಬರ್ಕೊ” ಎಂದು ನೆನಪಿನಿಂದ ಹೇಳತೊಡಗಿದರು. ಹದಿನಾರು ದಿನ ಬಂದರು. ನಾನು ಡಾಂಗಲ್ ಬೇಡದ ಬೇರೆ ತಂತ್ರಾಂಶದಲ್ಲಿ ಟೈಪ್ ಮಾಡಿದೆ. ದಿನದ ಕೊನೆಗೆ ಎರಡು ಸಿಡಿಗೆ ನಕಲು, ಒಂದು ಅಂಗಡಿಗೆ, ಒಂದು ಅವರ ಮನೆಗೆ.

ಎಪ್ಪತ್ತೊಂದು ಹಾಳೆ ಮರಳಿದವು. ಉಳಿದ ಹದಿನೆಂಟು ಗಾಳಿಯ ಹೆಸರುಗಳವು. ಅವನ್ನು ಹೇಳಿದ್ದ ತೆಂಗಿನಗುಂಡಿಯ ಅಜ್ಜಿ ಹಿಂದಿನ ಮಳೆಗಾಲದಲ್ಲಿ ತೀರಿಹೋಗಿದ್ದಳು.

ಡಾಂಗಲ್ ಕೇಳಿ ಕಂಪನಿಯಿಂದ ಮೂರು ಪತ್ರ ಬಂದವು. ಮಾಲಕರು ಡಾಂಗಲನ್ನು ನನ್ನ ಕೈಗಿಟ್ಟು, “ಕಳಿಸಿಬಿಡು” ಎಂದರು. ಕಳಿಸಲಿಲ್ಲ. ಆ ಹದಿನೆಂಟು ಹಾಳೆಗಳನ್ನು ಕಂಪನಿಯವರು ಕಳಿಸಿದ ದಿನ ನಾನೂ ಕಳಿಸುತ್ತೇನೆ.