ನಿಂತ ಬಸ್ಸಿನ ದಾರಿ

ಬಸ್ ಡಿಪೋದಲ್ಲಿ ಹೊಸ ಚಾಲಕರಿಗೆ ಕಲಿಸುತ್ತಿದ್ದವರನ್ನು ಎಲ್ಲರೂ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಕ್ಲಚ್ ಬಿಡುವಾಗ, ತಿರುವು ತೆಗೆದುಕೊಳ್ಳುವಾಗ, ಕೊನೆಗೆ ಊಟಕ್ಕೆ ಕೂತಾಗಲೂ "ನಿಧಾನಪ್ಪಾ, ನಿಧಾನ" ಎನ್ನುವುದು ಅವರ ಬಾಯಿಗೆ ಅಂಟಿಬಿಟ್ಟಿತ್ತು. ಒಂದು ಕಾಲಕ್ಕೆ ಅವರೂ ಬೆಟ್ಟದ ದಾರಿಯಲ್ಲಿ ಬಸ್ ಓಡಿಸಿದವರೇ. ಎಡಗಣ್ಣು ಮಂಜಾದ ಮೇಲೆ ಡಿಪೋದ ಅಂಗಳವೇ ಅವರ ಪ್ರಪಂಚವಾಯಿತು.

ಕಲಿಕೆಯ ಹಳೆಯ ಬಸ್ಸು ಬೆಳಗಿನಿಂದ ಸಂಜೆಯವರೆಗೆ ಆ ಅಂಗಳವನ್ನೇ ಸುತ್ತುತ್ತಿತ್ತು. ಒಬ್ಬರು ಇಳಿದು ಇನ್ನೊಬ್ಬರು ಹತ್ತುವಾಗಲೂ ಎಂಜಿನ್ ಆರುತ್ತಿರಲಿಲ್ಲ. ಹೊಗೆ ಗೋಡೆ ದಾಟಿ ಹಿಂದಿನ ಕ್ವಾರ್ಟರ್ಸಿಗೆ ಹೋಗುತ್ತಿತ್ತು. ಅಲ್ಲಿ ಅವರ ಜೊತೆ ಅಕ್ಕ ಇದ್ದರು. ಒಂದು ಸಂಜೆ ಅಕ್ಕ ಒಣಗಿದ ಹೊದಿಕೆಯೊಂದನ್ನು ತಂದು ಅವರ ಮಡಿಲಿಗೆ ಹಾಕಿದರು. ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತ್ತು.

"ನೋಡೋ, ನಿನ್ನ ಪಾಠವೆಲ್ಲ ಇಲ್ಲಿ ಬಂದು ಕೂತಿದೆ."

"ಎಂಜಿನ್ ಇಲ್ದೆ ಬಸ್ ಹೇಗೆ ಕಲಿಸ್ಲಿ ಅಕ್ಕಾ?"

"ನನಗೇನು ಗೊತ್ತು. ನೀನು ನಿದ್ದೇಲಿ ಓಡಿಸ್ತೀಯಲ್ಲ, ಆಗ ಒಂಚೂರೂ ಹೊಗೆ ಬರಲ್ಲ."

ಅದು ನಿಜವೇ ಆಗಿತ್ತು. ಮಲಗಿದಲ್ಲೇ ಅವರ ಕಾಲು ಬ್ರೇಕ್ ಒತ್ತುತ್ತಿತ್ತು, ಕೈ ಗೇರ್ ಹುಡುಕುತ್ತಿತ್ತು.

ಮರುದಿನ ಅವರು ಬಸ್ಸಿನ ಕೀಯನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಇವತ್ತು ಎಂಜಿನ್ ಬೇಡ. ದಾರಿ ನಾನು ಹೇಳ್ತೀನಿ, ನೀನು ಓಡ್ಸು," ಎಂದು ಸ್ಟೀರಿಂಗ್ ಹಿಡಿದು ಕೂತಿದ್ದ ಯುವತಿಗೆ ಹೇಳಿದರು. ಉಳಿದವರು ಪ್ರಯಾಣಿಕರಾದರು. ಮೊದಮೊದಲು ಎಲ್ಲರಿಗೂ ನಗು. ನಿಧಾನಪ್ಪನವರು ಕಣ್ಣು ಮುಚ್ಚಿ ಹೇಳುತ್ತಾ ಹೋದರು. ಸೇತುವೆ ಬಂತು. ಎದುರಿಗೆ ಲಾರಿ. ಇಲ್ಲಿಂದ ಏರು, ಮೇಲೆ ಮಂಜು. ಬಸ್ಸಿನೊಳಗೆ ಪಿಸುಮಾತೂ ನಿಂತಿತು. ತಿರುವಿನಲ್ಲಿ ಎಲ್ಲರ ಭುಜಗಳೂ ತಾವಾಗಿ ಒಂದು ಕಡೆಗೆ ವಾಲಿದವು. ಯುವತಿ ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದಳು.

"ಯಾಕೆ ನಿಲ್ಸಿದೆ? ನಾನೇನೂ ಹೇಳ್ಲಿಲ್ವಲ್ಲ."

"ಅಜ್ಜಿ ಒಬ್ರು ಕೈ ಅಡ್ಡ ಹಾಕಿದ್ರು ಸಾರ್," ಎಂದಳು, ತನ್ನ ಮಾತಿಗೆ ತಾನೇ ಬೆರಗಾಗಿ.

"ಸರಿ, ಹತ್ತಿಸ್ಕೋ. ಬಾಗಿಲು ಹಾಕಿದ್ಮೇಲೆ ಹೊರಡು."

ಹಿಂದಿನ ಸೀಟಿನವನೊಬ್ಬ ಸದ್ದಿಲ್ಲದೆ ಸರಿದು ಜಾಗ ಬಿಟ್ಟ.

ಡಿಪೋ ಮ್ಯಾನೇಜರ್ ಬಂದು ಇಣುಕಿದರು. "ಗಾಡಿ ಕೆಟ್ಟಿದೆಯಾ?"

"ಇಲ್ಲ ಸಾರ್, ಬೆಟ್ಟ ಹತ್ತುತ್ತಾ ಇದೀವಿ," ಎಂದರು ನಿಧಾನಪ್ಪನವರು.

ಮ್ಯಾನೇಜರ್ ಒಳಗೆ ಬಂದು ಸ್ವಲ್ಪ ಹೊತ್ತು ಕೂತು ಕೇಳಿದರು. ಇಳಿಯುವಾಗ, "ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ನಿಂತ ಬಸ್ಸಲ್ಲೇ ಕಲಿತೋರ ಕೈಗೆ ಜನರ ಜೀವ ಕೊಡಕ್ಕಾಗಲ್ಲ," ಎಂದರು. ಆ ಮಾತನ್ನು ನಿಧಾನಪ್ಪನವರೂ ಒಪ್ಪಿದರು. ಬೆಳಿಗ್ಗೆ ಕೈಕಾಲು ಹೊಂದುವ ತನಕ ನಿಂತ ಬಸ್ಸು, ಮಧ್ಯಾಹ್ನದ ಮೇಲೆ ಎಂಜಿನ್ ಎಂದಾಯಿತು. ಎಂಜಿನ್ನಿನ ಸದ್ದು ಕೇಳಿದ ಕೂಡಲೇ ಒಬ್ಬ ಎಲ್ಲ ಮರೆತು ಬಸ್ಸನ್ನು ಕಂಬಕ್ಕೆ ತಾಗಿಸಿದ. ಅವನಿಗೆ ಸುತ್ತು ಜಾಸ್ತಿಯೇ ಬೇಕಾಯಿತು. ಉಳಿದವರು ಬೇಗ ಕಲಿತರು. ಅಂಗಳದ ಮೇಲಿನ ಆಕಾಶ ಮಧ್ಯಾಹ್ನದವರೆಗೂ ತಿಳಿಯಾಗಿರತೊಡಗಿತು. ನಿಧಾನಪ್ಪನವರಿಗೂ ದಿನಾ ಬೆಳಿಗ್ಗೆ ತಮ್ಮ ಬೆಟ್ಟದ ದಾರಿ ಸಿಗತೊಡಗಿತು.

ಒಂದು ರಜೆಯ ದಿನ ಅಕ್ಕ ನಿಂತ ಬಸ್ಸಿಗೆ ಬಂದು ಕಿಟಕಿಯ ಪಕ್ಕ ಕೂತರು. "ನನ್ನೂ ಎಲ್ಲಿಗಾದ್ರೂ ಕರ್ಕೊಂಡು ಹೋಗೋ."

"ಎಲ್ಲಿಗೆ?"

"ಸಮುದ್ರ ನೋಡಿಲ್ಲ ನಾನು."

ಆ ಕಡೆಗೆ ನಿಧಾನಪ್ಪನವರು ಎಂದೂ ಬಸ್ ಓಡಿಸಿರಲಿಲ್ಲ. ಆದರೂ ಕೀಯನ್ನು ಜೇಬಿನಲ್ಲೇ ಬಿಟ್ಟು ಸ್ಟೀರಿಂಗ್ ಹಿಡಿದರು. ಗೇರ್ ಬದಲಿಸುತ್ತಾ ಬಹಳ ಹೊತ್ತು ಓಡಿಸಿದರು. ಆಮೇಲೆ ಅಕ್ಕ ಕಿಟಕಿಯ ಗಾಜು ಸರಿಸಿ, "ಗಾಳಿ ಉಪ್ಪುಪ್ಪಾಗಿದೆ ಕಣೋ," ಎಂದರು.