ಬಿಚ್ಚಮ್ಮನ ಮಗಳ ಶರ್ಟು

ನನ್ನ ಅಕ್ಕನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಬಿಚ್ಚಮ್ಮ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಅಷ್ಟು ಧೈರ್ಯ ಯಾರಿಗಿದೆ! ಅವಳು ಟೈಲರ್. ಅಂಗಡಿಯಲ್ಲಿ ಎರಡು ಮಿಷಿನ್, ಒಂದು ಉದ್ದನೆಯ ಮೇಜು, ಬೀದಿಗೆ ತೆರೆದ ಬಾಗಿಲು. ನಾನು ಅಲ್ಲಿ ಕಾಜಾ ಹಾಕುತ್ತೇನೆ, ಗುಂಡಿ ಹೊಲಿಯುತ್ತೇನೆ, ಇಸ್ತ್ರಿ ಮಾಡುತ್ತೇನೆ, ಬೈಸಿಕೊಳ್ಳುತ್ತೇನೆ. ಹೊಲಿಗೆ ಕೂದಲೆಳೆಯಷ್ಟು ಓರೆಯಾದರೂ ಸಾಕು, ಅಕ್ಕ ಮಾತಾಡದೆ ಬಟ್ಟೆ ಎಳೆದುಕೊಂಡು, ಸಣ್ಣ ಕತ್ತರಿಯ ತುದಿಯಿಂದ ಟಕಟಕ ಬಿಚ್ಚಿ, ತಾನೇ ಮತ್ತೆ ಹೊಲಿಯುತ್ತಾಳೆ. ಮಗಳು ಚಿಕ್ಕವಳಿದ್ದಾಗ ಗೊಂಬೆಗೆ ಹೊಲಿದ ಅಂಗಿಯನ್ನೂ ಬಿಚ್ಚಿ ಸರಿಮಾಡಿ ಕೊಟ್ಟವಳು. ಗಂಡ ತೀರಿಕೊಂಡ ಮೇಲೆ ಈ ಹಟದಿಂದಲೇ ಅಂಗಡಿ ಉಳಿಸಿಕೊಂಡಳು. ಹಾಗಾಗಿ ನಾವ್ಯಾರೂ ಎದುರಾಡಿಲ್ಲ.

ಆ ಮಗಳಿಗೆ ಈಗ ಹದಿನಾರು. ಕೈ ಚುರುಕು, ಬಾಯಿ ಇನ್ನೂ ಚುರುಕು. ಹೊಲಿಗೆ ಕಲಿಸುವ ದೊಡ್ಡ ಶಾಲೆಗೆ ಸೇರಬೇಕೆಂಬುದು ಅವಳದೇ ಆಸೆ. ಸೀಟು ಸಿಗಬೇಕಾದರೆ ಒಂದು ಶರ್ಟನ್ನು ಪೂರ್ತಿ ತಾನೇ ಹೊಲಿದು ಒಪ್ಪಿಸಬೇಕು. ಹೋದ ತಿಂಗಳೇ ಬಟ್ಟೆ ಕತ್ತರಿಸಿಟ್ಟುಕೊಂಡಳು. ಆಮೇಲೆ ಕೇಳಿದಾಗಲೆಲ್ಲ ನಾಳೆ.

"ಇವತ್ತು ತಲೆನೋವು ಚಿಕ್ಕಮ್ಮ, ನಾಳೆ ಕೂತ್ಕೋತೀನಿ." "ದಾರದ ಬಣ್ಣ ಹೊಂದ್ತಿಲ್ಲ, ನಾಳೆ ತರ್ತೀನಿ." ಫೋನ್ ಹಿಡಿದು ಮೂಲೆಯಲ್ಲಿ ಕೂತರೆ ಏಳಿಸಲು ಕ್ರೇನೇ ಬರಬೇಕು. ಈ ವಯಸ್ಸಿನವರ ಮೈಯಲ್ಲಿ ಮೂಳೆಯೇ ಇರುವುದಿಲ್ಲ ಎಂದು ನಾನೂ ಗೊಣಗುತ್ತಿದ್ದೆ.

ಕೊನೆಯ ದಿನ ಬಂತು. ಸಂಜೆಯೊಳಗೆ ಶರ್ಟು ಕೊಡಬೇಕು. ಬೆಳಿಗ್ಗೆ ನೋಡಿದರೆ ಮೇಜಿನ ಮೇಲೆ ಬಟ್ಟೆಯ ತುಂಡುಗಳು ಕತ್ತರಿಸಿದಂತೆಯೇ ಮಡಚಿ ಕೂತಿವೆ. ಅಕ್ಕನಿಗೆ ಪಿತ್ತ ನೆತ್ತಿಗೇರಿತು.

"ಒಂದ್ ಹೊಲಿಗೆ ಹಾಕೋಕೂ ಆಗ್ಲಿಲ್ವೇನೇ? ಇಷ್ಟ್ ದಿನ ಏನ್ ಕಡಿದು ಗುಡ್ಡೆ ಹಾಕ್ತಿದ್ದೆ?"

ಹುಡುಗಿ ತುಂಡುಗಳನ್ನು ತನ್ನತ್ತ ಎಳೆದುಕೊಂಡಳು. "ಕೊಡಿಲ್ಲಿ, ನಾನೇ ಹೊಲಿದು ಬಿಸಾಕ್ತೀನಿ" ಎಂದು ಅಕ್ಕ ತೋಳಿನ ತುಂಡನ್ನು ಕೊಡವಿ, ಅಭ್ಯಾಸದಂತೆ ಬಾಗಿಲ ಬೆಳಕಿಗೆ ಹಿಡಿದಳು. ಹಿಡಿದ ಕೈ ಹಾಗೇ ನಿಂತುಬಿಟ್ಟಿತು.

ನಾನು ಹೋಗಿ ಇಣುಕಿದೆ. ಅಂಚಿನುದ್ದಕ್ಕೂ ಸೂಜಿಯ ತೂತುಗಳು! ಸಾಲಿನ ಪಕ್ಕ ಸಾಲು, ಸಾಲಿನ ಮೇಲೆ ಸಾಲು, ಬಟ್ಟೆ ಜರಡಿಯಾಗಿತ್ತು. ಹೊಲಿದು ಬಿಚ್ಚಿದ ಬಟ್ಟೆಗೆ ಎಷ್ಟು ಇಸ್ತ್ರಿ ಹಾಕಿದರೂ ಆ ತೂತು ಪೂರ್ತಿ ಮುಚ್ಚುವುದಿಲ್ಲ, ನಮ್ಮ ಕಸುಬಿನವರ ಕಣ್ಣಿಗೆ ಅದು ಹೊಡೆದು ಕಾಣುತ್ತದೆ. ಕಾಲರಿನಲ್ಲೂ ಅದೇ. ಬೆನ್ನಿನ ತುಂಡನ್ನು ಅಕ್ಕ ಮೆಲ್ಲಗೆ ಎಳೆದಳು, ಅಂಚು ತೂತಿನ ಸಾಲಿನಗುಂಟ ಪರ್ರೆಂದು ಹರಿದು ಕೈಗೆ ಬಂತು.

"ಯಾವಾಗ ಹೊಲ್ದೆ ಇದನ್ನ?" ಅಕ್ಕ ಕೇಳಿದಳು.

"ನೀವಿಬ್ರೂ ಊಟಕ್ಕೆ ಮನೆಗೆ ಹೋದಾಗ. ದಿನಾ."

"ಬಿಚ್ಚಿದ್ದು?"

"ನಾನೇ. ನೀವು ಬರೋಷ್ಟ್ರಲ್ಲಿ ಬಿಚ್ಚಿ, ಇಸ್ತ್ರಿ ಹಾಕಿ ಮಡಚಿಡ್ತಿದ್ದೆ." ಹುಡುಗಿ ತಲೆ ಎತ್ತಿದಳು. "ಹೇಗೂ ನೀನು ಬಿಚ್ತೀಯಲ್ಲಮ್ಮ. ನಾನೇ ಬಿಚ್ಚಿದ್ರೆ ಅಷ್ಟು ನೋವಾಗಲ್ಲ. ಶುರುನೇ ಮಾಡಿಲ್ಲ ಅಂದ್ರೆ ಸೋಮಾರಿ ಅಂತೀಯ. ಅದನ್ನ ತಡ್ಕೋಬಹುದು."

ಅಕ್ಕ ಸ್ಟೂಲಿನ ಮೇಲೆ ಕುಸಿದಳು. ಅವಳ ಮುಖ ಹೀಗೆ ಬಿಳಿಚಿದ್ದನ್ನು ಭಾವ ಹೋದ ದಿನವೂ ನಾನು ನೋಡಿರಲಿಲ್ಲ. ಮನೆಮಗಳು ತನ್ನ ಹೊಲಿಗೆಯನ್ನು ಕಳ್ಳಮಾಲಿನ ಹಾಗೆ ಬಚ್ಚಿಡುತ್ತಿದ್ದಳು, ಅದೂ ನಮ್ಮ ಮೂಗಿನ ಕೆಳಗೆ! ಯಾರ ಮೇಲೆ ರೇಗಬೇಕೋ ತಿಳಿಯದೆ ಇಸ್ತ್ರಿಪೆಟ್ಟಿಗೆಯನ್ನು ಧಡ್ಡನೆ ಕುಕ್ಕಿದೆ.

"ಹೊಸ ಬಟ್ಟೆ ಕತ್ತರಿಸ್ಕೋ," ಎಂದಳು ಅಕ್ಕ. "ಇನ್ನೂ ಟೈಮಿದೆ."

"ನೀನಿಲ್ಲಿದ್ರೆ ಆಗಲ್ಲಮ್ಮ."

ಮೈಯಲ್ಲಿ ಜ್ವರವಿದ್ದರೂ ಅಂಗಡಿ ಬಿಡದ ನನ್ನಕ್ಕ ಎದ್ದು ಬೀದಿಗಿಳಿದಳು. ಹಿಂದೆಯೇ ನಾನೂ ಹೋದೆ. ಎದುರಿನ ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಗಿರಾಕಿಗಳು ಬಂದು, ನಮ್ಮನ್ನು ಅಲ್ಲಿ ನೋಡಿ, ಯಾರಿಗೋ ಏನೋ ಆಗಿದೆ ಎಂದುಕೊಂಡು ವಾಪಸಾದರು. ಒಳಗೆ ಮಿಷಿನ್ ಓಡುತ್ತಿತ್ತು. ಅದು ನಿಂತಾಗಲೆಲ್ಲ ಅಕ್ಕ ನನ್ನ ಮೊಣಕೈ ಹಿಡಿಯುತ್ತಿದ್ದಳು.

"ಬಿಚ್ತಿದಾಳೆ ಕಣೇ."

"ದಾರ ಹಾಕ್ತಿರ್ತಾಳೆ, ಸುಮ್ನಿರು."

ಬಿಸಿಲು ಇಳಿಯತೊಡಗಿದಾಗ ಹುಡುಗಿ ಹೊರಬಂದಳು, ಬೆವತು ತೊಪ್ಪೆಯಾಗಿದ್ದಳು. ಶರ್ಟು ಆಗಲೇ ಚೀಲ ಸೇರಿತ್ತು. ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು.

"ಒಂದ್ಸಲ ನೋಡ್ಲಾ?" ಅಕ್ಕ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೇಳಿದಳು.

"ಕೊಟ್ಟು ಬಂದ್ಮೇಲೆ ನೋಡು."

ಒಪ್ಪಿಸಿದ ಶರ್ಟನ್ನು ಆ ಶಾಲೆಯವರು ವಾಪಸ್ ಕೊಡುವುದಿಲ್ಲ. ಅದು ಮಗಳಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು.

"ಆಯ್ತು," ಎಂದಳು ಅಕ್ಕ. "ಓಡು, ಹೊತ್ತಾಯ್ತು."