ಬೀಗ ಸರಿಯಾಗಿದ್ದ ಸಿನಿಮಾ

ಕೀಲಿಯಣ್ಣನಿಗೆ ಸಿನಿಮಾ ಹೇಗಿತ್ತು ಎಂದು ಕೇಳಿದರೆ ಅವನು ಮೊದಲು ಹೇಳುತ್ತಿದ್ದುದು ಬಾಗಿಲಿನ ಸಂಗತಿ. ಹೀರೋ ಯಾರು, ಹಾಡು ಎಂಥದು ಎಂಬುದೆಲ್ಲ ಆಮೇಲೆ. ಅಂಗಡಿ ಸಾಲಿನ ಮೆಟ್ಟಿಲ ಕೆಳಗೆ, ಬಗ್ಗಿ ಹೋಗಿ ಬಗ್ಗಿಯೇ ಹೊರಬರಬೇಕಾದ ಗೂಡಿನಲ್ಲಿ ಕೂತು ಅವನು ಬೀಗ ರಿಪೇರಿ ಮಾಡುತ್ತಿದ್ದ, ಕೀಲಿಗೆ ನಕಲು ಕೀಲಿ ಕೊರೆದುಕೊಡುತ್ತಿದ್ದ. ತಲೆಯ ಮೇಲೆ ಕೊಕ್ಕೆಗಳಲ್ಲಿ ಹಲ್ಲಿಲ್ಲದ ಕೀಲಿಗಳು ಸಾಲಾಗಿ ತೂಗುತ್ತಿದ್ದವು. ಗಿರಾಕಿ ಕೀಲಿ ಕೊಟ್ಟು ನಿಂತರೆ ಸಾಕು, ಯಂತ್ರದ ಕಿರ್ರೆನ್ನುವ ಸದ್ದಿನ ನಡುವೆಯೇ ಕೀಲಿಯಣ್ಣನ ವಿಮರ್ಶೆ ಶುರುವಾಗುತ್ತಿತ್ತು.

"ಆ ಕಳ್ಳನ ಸಿನಿಮಾ ನೋಡಿದ್ರಾ? ತಲೆಪಿನ್ನು ತೂರಿಸಿ ತಿಜೋರಿ ತೆಗೀತಾನೆ! ತಿಜೋರಿ ಏನು ಅವರಜ್ಜಿ ಸಂದೂಕವಾ?"

ಪ್ರೇಮಕಥೆಯಾದರೆ, ನಾಯಕಿಯ ಮನೆ ಬಾಗಿಲು ಇಂಟರ್‌ವಲ್‌ಗೆ ಮುಂಚೆ ಒಳಕ್ಕೆ ತೆರೆಯುತ್ತದೆ, ಆಮೇಲೆ ಹೊರಕ್ಕೆ ತೆರೆಯುತ್ತದೆ. ಅಂಥ ಮನೆಯ ಹುಡುಗಿಯನ್ನು ನಂಬಿ ಹೀರೋ ಕೆಟ್ಟ. ಯುದ್ಧದ ಸಿನಿಮಾದಲ್ಲಿ ನೂರು ವರ್ಷದ ಹಿಂದಿನ ಸೆರೆಮನೆಗೆ ಹೋದ ವರ್ಷ ಬಂದ ಬೀಗ. ಅಳಿಸುವ ಸಂಸಾರದ ಕಥೆಯಲ್ಲಿ ಅತ್ತೆಯ ಸೊಂಟದ ಕೀಲಿಗೊಂಚಲು ನೋಡಿ ಇಡೀ ಹಾಲ್ ಗಡಗಡ ನಡುಗುತ್ತಿದ್ದರೆ ಇವನೊಬ್ಬ ಬಿದ್ದು ಬಿದ್ದು ನಕ್ಕಿದ್ದ. ಆ ಗೊಂಚಲಿನಲ್ಲಿ ಇದ್ದವೆಲ್ಲ ಸ್ಕೂಟರಿನ ಕೀಲಿಗಳು! ಹಾಸ್ಯದ ಸಿನಿಮಾದಲ್ಲಿ ಬಚ್ಚಲುಮನೆಯಲ್ಲಿ ಸಿಕ್ಕಿಕೊಂಡವನು ಅರ್ಧ ಸಿನಿಮಾ ಬೊಬ್ಬೆ ಹೊಡೆದದ್ದಂತೂ ಇವನಿಗೆ ತಡೆಯಲಾಗಲಿಲ್ಲ. ಒಂದು ನಾಣ್ಯ ಇದ್ದರೆ ತೆರೆಯುವ ಚಿಲಕಕ್ಕೆ ಅಷ್ಟು ರಾದ್ಧಾಂತ!

ಅವನ ಹೆಂಡತಿ ಹೇಳುತ್ತಿದ್ದಳು: "ಊರಿಗೆಲ್ಲ ಬೀಗ ಹಾಕಿಕೊಡ್ತೀರಿ. ನಿಮ್ಮ ಬಾಯಿಗೂ ಒಂದು ನೋಡಿ."

ಇದರಲ್ಲಿ ಇನ್ನೊಂದು ಗುಟ್ಟಿತ್ತು, ಅದು ಹೆಂಡತಿಗೆ ಮಾತ್ರ ಗೊತ್ತು. ಕೀಲಿಯಣ್ಣ ಮಾತಾಡುವ ಸಿನಿಮಾಗಳಲ್ಲಿ ಅರ್ಧಕ್ಕರ್ಧ ಅವನು ನೋಡಿಯೇ ಇರುತ್ತಿರಲಿಲ್ಲ. ಟೀವಿ ಮುಂದೆ ಕೂತರೆ ಹೆಸರು ಬೀಳುವಷ್ಟರಲ್ಲಿ ಗೊರಕೆ. ಆದರೆ ನೋಡಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಪೋಸ್ಟರು ನೋಡಿ, ಗಿರಾಕಿಯ ಬಾಯಿಂದ ಎರಡು ಮಾತು ಎಳೆದು, ಉಳಿದದ್ದನ್ನು ತಾನೇ ಕಟ್ಟಿಬಿಡುತ್ತಿದ್ದ. ಆಮೇಲೆ ಯಾರು ಏನೇ ಹೇಳಲಿ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅದರಿಂದ ಯಾರ ಗಂಟೂ ಹೋಗಿರಲಿಲ್ಲ ಬಿಡಿ. ಸಿನಿಮಾದ ಬಗ್ಗೆ ಸುಳ್ಳು ಹೇಳಿದರೆ ಯಾವ ನರಕ?

ಅವನಿಗೆ ಸರಿಸಾಟಿಯಾಗಿ ವಾದ ಮಾಡುತ್ತಿದ್ದವಳು ಒಬ್ಬಳೇ ಮಗಳು. ಪುಟ್ಟಿ ಎಂದೇ ಕರೆಯುವುದು, ಮದುವೆಯಾದ ಮೇಲೂ. ಚಿಕ್ಕವಳಿದ್ದಾಗ ಗೂಡಿನ ಮೂಲೆಯಲ್ಲಿ ಕೂತು, ಕೊರೆದ ಕೀಲಿಗಳ ಹಿತ್ತಾಳೆ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು, ಅಪ್ಪನ ಒಂದೊಂದು ಮಾತಿಗೂ "ಸುಳ್ಳು!" ಎನ್ನುತ್ತಿದ್ದಳು. ಅವಳು ತಾನೇ ಮೆಚ್ಚಿ ಒಬ್ಬನನ್ನು ಮದುವೆಯಾದಳು. ಕೀಲಿಯಣ್ಣ ಬೇಡ ಎಂದಿದ್ದ. ಕಾರಣ ಕೇಳಿದರೆ ಅವನ ಹತ್ತಿರ ಇರಲಿಲ್ಲ. ಹುಡುಗ ಓದಿದವನು, ಮೆಲುಮಾತಿನವನು, ಬಗ್ಗಿ ನಮಸ್ಕಾರ ಮಾಡುವವನು. ಆದರೂ ಬೇಡ ಎಂದ. ಮಗಳು ಅತ್ತಳು, ಹಟ ಹಿಡಿದಳು. "ನಿನ್ನಿಷ್ಟ, ಆಮೇಲೆ ನನ್ನ ಹತ್ರ ಬಂದು ಅಳಬೇಡ," ಎಂದು ಕೊನೆಗೆ ಒಪ್ಪಿದ. ಅಪ್ಪಂದಿರು ಸೋತಾಗ ಆಡುವ ಮಾತು ಅದು. ಮಾರನೇ ದಿನಕ್ಕೆ ಅವನೇ ಮರೆತಿದ್ದ.

ಅವರು ದೂರದ ಬಡಾವಣೆಯಲ್ಲಿ ಮನೆ ಮಾಡಿದಾಗ ಕೀಲಿಯಣ್ಣ ತನ್ನಲ್ಲಿದ್ದ ಅತಿ ಒಳ್ಳೆಯ ಬೀಗವನ್ನು ಉಡುಗೊರೆಯಾಗಿ ಒಯ್ದು ತಾನೇ ಬಾಗಿಲಿಗೆ ಕೂರಿಸಿಕೊಟ್ಟ. ಕೂರಿಸುತ್ತ ಅಳಿಯನಿಗೆ ಪಾಠ ಹೇಳಿದ:

"ನೋಡಿ, ಹೊರಗಿಂದ ಒಂದು ಸುತ್ತು ಹಾಕಿದ್ರೆ ಒಳಗಿದ್ದೋರು ಈ ಗುಬುಟು ತಿರುಗಿಸಿ ತೆಗೀಬಹುದು. ಎರಡು ಸುತ್ತು ಹಾಕಿದ್ರೆ ಗುಬುಟು ಸುಮ್ನೆ ತಿರುಗುತ್ತೆ ಅಷ್ಟೆ, ಬಾಗಿಲು ಬರಲ್ಲ. ಸ್ಕ್ರೂ ಕೂಡ ಬಾಗಿಲೊಳಗೆ ಅಡಗಿರುತ್ತೆ. ನೀವಿಬ್ಬರೂ ಊರಿಗೆ ಹೋಗುವಾಗ ಎರಡು ಸುತ್ತು ಹಾಕಿ. ಕಳ್ಳ ಕಿಟಕಿಯಿಂದ ಒಳಗೆ ಬಂದ ಅಂತಾನೇ ಇಟ್ಕೊಳ್ಳಿ, ಬಾಗಿಲಿಂದ ಒಂದು ಚಮಚಾನೂ ಸಾಗಿಸೋಕಾಗಲ್ಲ."

"ಇನ್ನೊಂದ್ಸಲ ತೋರಿಸಿ ಮಾವ," ಎಂದ ಅಳಿಯ.

ಕೀಲಿಯಣ್ಣ ಖುಷಿಯಿಂದ ಮತ್ತೆ ತೋರಿಸಿದ. ಟಕ್. ಟಕ್. ಮನೆಗೆ ಬಂದು ಹೆಂಡತಿಗೆ, "ಹುಡುಗ ಪರವಾಗಿಲ್ಲ ಕಣೇ, ಕಲಿಯೋ ಆಸಕ್ತಿ ಇದೆ," ಎಂದ.

ಆಮೇಲೆ ಭಾನುವಾರದ ಫೋನು ಒಂದೇ ಉಳಿಯಿತು. ವಾರದ ನಡುವೆ ಮಾಡಿದರೆ ಮಗಳ ಫೋನು ಸ್ವಿಚ್ ಆಫ್. "ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೀವಿ," ಎಂದಿದ್ದ ಅಳಿಯ. ಅದು ಯಾವ ಅಂಗಡಿಯೋ, ರಿಪೇರಿಯಾಗಿ ಬರಲೇ ಇಲ್ಲ. ಭಾನುವಾರ ಅಳಿಯ ತನ್ನ ಫೋನಿನಲ್ಲಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಹೇಗಿದ್ದೀಯ ಎಂದು ಅಮ್ಮ ಕೇಳಿದರೆ ಅವನೇ ಉತ್ತರ ಕೊಡುತ್ತಿದ್ದ: "ಚೆನ್ನಾಗಿದ್ದಾಳೆ ಅತ್ತೆ, ಸ್ವಲ್ಪ ನಿದ್ದೆ ಕಡಿಮೆ." ಮಾತು ಸಿನಿಮಾದ ಕಡೆ ಹೊರಳಿದರೆ ಮಾತ್ರ, "ಶುರುವಾಯ್ತು ಅಪ್ಪ ಮಗಳ ಪುರಾಣ," ಎಂದು ಆಕಳಿಸಿ ಪೇಪರಿನೊಳಗೆ ಮುಳುಗುತ್ತಿದ್ದ. ಊರಿನ ಬೀಗದ ಹುಳುಕೆಲ್ಲ ಕಾಣುವ ಕೀಲಿಯಣ್ಣನಿಗೆ ಇದೊಂದು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಮ್ಮನೆ ಅಲ್ಲ.

ಒಂದು ಭಾನುವಾರ ಮಗಳು ಕೇಳಿದಳು: "ಅಪ್ಪಾ, ಆ ಹೊಸ ದೆವ್ವದ ಸಿನಿಮಾ ಬಂದಿದೆಯಲ್ಲ, ನೋಡಿದ್ಯಾ?"

"ಓಹೋ! ಯಾವಾಗ್ಲೋ ಆಯ್ತು." ನೋಡಿರಲಿಲ್ಲ. ಪೋಸ್ಟರನ್ನು ಕೂಡ ಬಸ್ಸಿನಿಂದ ಕಂಡದ್ದು.

ಆ ಕಡೆ ಪೇಪರಿನ ಹಾಳೆ ಮಗುಚಿದ ಸದ್ದಾದ ಮೇಲೆ ಮಗಳು ಮತ್ತೆ ಕೇಳಿದಳು: "ನಿಜವಾಗ್ಲೂ ನೋಡಿದ್ಯಾ?"

"ರೆಪ್ಪೆ ಮುಚ್ಚದೆ ನೋಡಿದ್ದೀನಿ."

"ಹಾಗಾದ್ರೆ ಆ ಮನೆ ಗೊತ್ತಲ್ಲ ನಿನಗೆ." ಮಗಳ ದನಿ ಇಳಿಯಿತು. "ದೆವ್ವ ಬೆಳಿಗ್ಗೆ ಹೋಗುವಾಗ ಹೊರಗಿಂದ ಬೀಗ ಹಾಕ್ಕೊಂಡು ಹೋಗುತ್ತಲ್ಲ ಅಪ್ಪ. ಎರಡು ಸುತ್ತು. ಟಕ್, ಟಕ್. ಅವಳು ಒಳಗಿಂದ ಎಷ್ಟು ತಿರುಗಿಸಿದ್ರೂ ಗುಬುಟು ಸುಮ್ನೆ ತಿರುಗುತ್ತೆ. ಸಂಜೆ ಅದು ವಾಪಸ್ ಬರೋ ತನಕ ಅವಳು ಒಳಗೇ. ಅಕ್ಕಪಕ್ಕದೋರಿಗೆಲ್ಲ ಅವಳಿಗೇ ಹುಚ್ಚು ಅಂತ ಹೇಳಿಟ್ಟಿದೆ."

ಕೀಲಿಯಣ್ಣ ಹೊಟ್ಟೆ ಹಿಡಿದು ನಕ್ಕ. "ದೆವ್ವ ಬೆಳಿಗ್ಗೆ ಎದ್ದು ಡ್ಯೂಟಿಗೆ ಹೋಗುತ್ತಾ? ಊಟದ ಡಬ್ಬಿ ತಗೊಂಡು ಹೋಗುತ್ತಾ? ಆದ್ರೆ ಒಂದು ಮಾತು ಒಪ್ಪಬೇಕು ಪುಟ್ಟಿ, ಬೀಗ ಸರಿಯಾಗಿ ತೋರಿಸಿದ್ದಾನೆ! ಎರಡು ಸುತ್ತಿನ ಬೀಗ ಇರೋದೇ ಹಾಗೆ. ಇಷ್ಟು ವರ್ಷದಲ್ಲಿ ಬೀಗ ಸರಿಯಾಗಿರೋ ಸಿನಿಮಾ ಇದೊಂದೇ."

ಮಗಳು ನಗಲಿಲ್ಲ. "ಆ ಹುಡುಗಿ ಏನು ಮಾಡಬೇಕಿತ್ತು ಅಪ್ಪ?"

ಕೀಲಿಯಣ್ಣನಿಗೆ ಆ ಹುಡುಗಿ ಯಾರೆಂದೇ ಗೊತ್ತಿಲ್ಲ. ಆದರೆ ದೆವ್ವದ ಸಿನಿಮಾ ಎಂದ ಮೇಲೆ ಆ ಮನೆಗೆ ಹೋಗಬೇಡ ಎಂದು ಹೇಳುವ ಮುದುಕನೊಬ್ಬ ಇರಲೇಬೇಕು, ಹುಡುಗಿ ಅವನ ಮಾತು ಮೀರಲೇಬೇಕು. ಆ ಲೆಕ್ಕದ ಮೇಲೆ ತೀರ್ಪು ಕೊಟ್ಟ.

"ಮೂರ್ಖಿ ಅವಳು. ದೊಡ್ಡೋರು ಬೇಡ ಬೇಡ ಅಂದ್ರೂ ಕೇಳದೆ ತಾನೇ ಕಾಲಿಟ್ಟೋಳು. ಇಷ್ಟಪಟ್ಟು ಹೋದ ಮೇಲೆ ಹೊಂದಿಕೊಂಡು ಇರಬೇಕಪ್ಪ. ಈಗ ಅತ್ತರೆ ಯಾರು ಕೇಳ್ತಾರೆ?"

"ಸರಿ ಅಪ್ಪ," ಎಂದಳು ಮಗಳು.

ಮುಂದಿನ ಭಾನುವಾರಗಳಲ್ಲಿ ಯಾವ ಸಿನಿಮಾ ಹೇಗಿತ್ತು ಎಂದರೂ "ಚೆನ್ನಾಗಿತ್ತು" ಎಂದಷ್ಟೇ ಹೇಳಿದಳು. ಸುಳ್ಳು ಎನ್ನಲಿಲ್ಲ, ವಾದಕ್ಕೆ ಬರಲಿಲ್ಲ. ಕೀಲಿಯಣ್ಣನಿಗೆ ಊಟದಲ್ಲಿ ಉಪ್ಪಿಲ್ಲದ ಹಾಗಾಯಿತು. ಮದುವೆಯಾದ ಮೇಲೆ ಹೆಣ್ಣುಮಕ್ಕಳಿಗೆ ಸಿನಿಮಾದ ರುಚಿ ಹೋಗುತ್ತದೆ ಎಂದು ಅದಕ್ಕೂ ಒಂದು ಅಭಿಪ್ರಾಯ ಮಾಡಿಕೊಂಡ.

ಆ ದೆವ್ವದ ಸಿನಿಮಾ ಒಂದು ರಜಾದಿನದ ಬೆಳಿಗ್ಗೆ ಟೀವಿಯಲ್ಲಿ ಬಂತು. ಕೀಲಿಯಣ್ಣ ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. "ಬೀಗ ನೋಡು, ಬೀಗ! ಒಬ್ಬನಾದ್ರೂ ಸರಿಯಾಗಿ ಮಾಡಿದ್ದಾನೆ." ಬೀಗಕ್ಕಾಗಿ ಕಾಯುತ್ತ ಜನ್ಮದಲ್ಲಿ ಮೊದಲ ಸಲ ಟೀವಿ ಮುಂದೆ ನಿದ್ದೆ ಮಾಡದೆ ಕೂತ.

ಸಿನಿಮಾ ನಡೆದದ್ದು ಒಂದು ಹಡಗಿನಲ್ಲಿ. ಮೊದಲಿಂದ ಕೊನೆತನಕ ಹಡಗು, ಸುತ್ತ ನೀರು. ಮನೆಯಿಲ್ಲ, ಬೀಗವಿಲ್ಲ, ಬೆಳಿಗ್ಗೆ ಹೋಗಿ ಸಂಜೆ ಬರುವ ದೆವ್ವವಿಲ್ಲ. ಬೇಡ ಎನ್ನುವ ಮುದುಕನೂ ಇಲ್ಲ.

"ಬೇರೆ ಸಿನಿಮಾ ಇರಬೇಕು," ಎಂದ. ಹೆಸರು ಅದೇ. "ಟೀವಿಯವರು ಕತ್ತರಿಸಿರಬೇಕು," ಎಂದ.

ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. "ಹಾಗಾದ್ರೆ ಅವಳು ಹೇಳಿದ್ದು ಯಾರ ಮನೆ ಕಥೆ?"

ಕೀಲಿಯಣ್ಣನ ಬಲಗೈ ತೊಡೆಯ ಮೇಲೆ ತಾನಾಗಿಯೇ ಕೀಲಿ ತಿರುಗಿಸಿದಂತೆ ತಿರುಗಿತು. ಒಂದು ಸುತ್ತು. ಇನ್ನೊಂದು ಸುತ್ತು. ಆ ಬೀಗ ಅವನದೇ. ಅದರ ಮಾತು ಕೂಡ ಅವನದೇ. ಗುಬುಟು ಸುಮ್ಮನೆ ತಿರುಗುತ್ತದೆ ಎಂದು ಆ ಬಾಗಿಲಲ್ಲಿ ನಿಂತು ಹೇಳಿಕೊಟ್ಟವನು ಅವನು.

ಆಮೇಲೆ ಅದಕ್ಕಿಂತ ಕೆಟ್ಟದ್ದು ಹೊಳೆಯಿತು. ನೋಡಿದ್ಯಾ, ನಿಜವಾಗ್ಲೂ ನೋಡಿದ್ಯಾ ಎಂದು ಮಗಳು ಎರಡು ಸಲ ಕೇಳಿದ್ದಳು. ಇವನು ರೆಪ್ಪೆ ಮುಚ್ಚದೆ ನೋಡಿದ್ದೇನೆ ಎಂದಿದ್ದ. ನೋಡಿದವನಿಗೆ ಅದರಲ್ಲಿ ಮನೆಯೂ ಇಲ್ಲ ಬೀಗವೂ ಇಲ್ಲ ಎಂದು ಗೊತ್ತಿರಬೇಕು. ಗೊತ್ತಿದ್ದೂ ಅವಳ ಕಥೆ ಕೇಳಿ ನಕ್ಕವನು, ಮೂರ್ಖಿ ಎಂದವನು, ಹೊಂದಿಕೊಂಡಿರು ಎಂದವನು, ಎಲ್ಲ ಅರ್ಥ ಮಾಡಿಕೊಂಡೇ ಹೇಳಿದ ಎಂದಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತನ್ನ ಬಾಯಿಯ ಬಗ್ಗೆ ಅವನಿಗೆ ಆವತ್ತು ಹುಟ್ಟಿದ ಹೇಸಿಗೆ ಸಣ್ಣದಲ್ಲ.

ಅಳಿಯನದು ಭಾನುವಾರ ಬಿಟ್ಟರೆ ರಜೆಯಿಲ್ಲದ ಕೆಲಸ, ಸಂಜೆಯವರೆಗೆ ಬರುವುದಿಲ್ಲ. ಕೀಲಿಯಣ್ಣ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡ. "ಕರ್ಕೊಂಡೇ ಬನ್ನಿ," ಎಂದಳು ಹೆಂಡತಿ. ಬಸ್ಸಿನಲ್ಲಿ ಸೀಟಿದ್ದರೂ ಅವನು ನಿಂತೇ ಹೋದ.

ಮೂರನೇ ಮಹಡಿಯ ಆ ಬಾಗಿಲಲ್ಲಿ ಅವನ ಬೀಗ ಹೊಸದರ ಹಾಗೇ ಹೊಳೆಯುತ್ತಿತ್ತು. ತಟ್ಟಿದ. ಒಳಗೆ ಹೆಜ್ಜೆ ಸದ್ದಾಗಿ ಬಾಗಿಲ ಹತ್ತಿರ ನಿಂತಿತು. ಎದುರು ಮನೆಯ ಹೆಂಗಸು ಬಾಗಿಲು ಓರೆ ಮಾಡಿ ಇಣುಕಿದಳು.

"ಸಂಜೆ ಬನ್ನಿ. ಆಕೆಗೆ ತಲೆ ಸರಿಯಿಲ್ಲ ಪಾಪ, ಅದಕ್ಕೇ ಯಜಮಾನರು ಬೀಗ ಹಾಕ್ಕೊಂಡು ಹೋಗ್ತಾರೆ. ತುಂಬಾ ಒಳ್ಳೆಯೋರು."

"ನಾನು ಅವಳ ಅಪ್ಪ," ಎಂದ ಕೀಲಿಯಣ್ಣ. ಹೆಂಗಸು ಅವನ ಚೀಲ ನೋಡಿದಳು, ಮುಖ ನೋಡಿದಳು, ಒಳಗೆ ಹೋದಳು.

ಅವನು ಮಂಡಿಯೂರಿ ಕೂತು ಎರಡು ಸಣ್ಣ ಸಲಾಕೆಗಳನ್ನು ಕೀಲಿಕಂಡಿಗೆ ತೂರಿಸಿದ. ಒಳ್ಳೆಯ ಬೀಗ, ಅವನೇ ಆರಿಸಿದ್ದು, ಬಗ್ಗುವ ಜಾತಿಯಲ್ಲ. ಸಲಾಕೆ ಜಾರುತ್ತಿತ್ತು.

"ಪುಟ್ಟೀ."

"ಯಾಕೆ ಬಂದೆ ಅಪ್ಪ?" ದನಿ ಕೀಲಿಕಂಡಿಯ ಹತ್ತಿರದಿಂದಲೇ ಬಂತು; ಅವಳೂ ಆ ಕಡೆ ಕೂತಿರಬೇಕು. "ನೀನು ಹೇಳಿದ ಹಾಗೆ ಹೊಂದಿಕೊಂಡು ಇದ್ದೀನಲ್ಲ. ಅವರಿಗೆ ಗೊತ್ತಾದ್ರೆ ಆ ಭಾನುವಾರದ ಫೋನೂ ಇರಲ್ಲ."

ಕೀಲಿಯಣ್ಣ ಬಾಯಿಯನ್ನು ಕೀಲಿಕಂಡಿಯ ಹತ್ತಿರ ತಂದ. ಎಷ್ಟೋ ಸಿನಿಮಾಗಳ ಬಗ್ಗೆ ಎಷ್ಟೋ ಮಾತಾಡಿದ ಬಾಯಿ ಅದು. ಒಂದೇ ಒಂದು ಮಾತು ಹೊರಡಲು ಒದ್ದಾಡಿತು.

"ನಾನು ಆ ಸಿನಿಮಾ ನೋಡಿರಲಿಲ್ಲ ಕಣೇ."

ಜಾರಿದ ಸಲಾಕೆಯನ್ನು ಮತ್ತೆ ಕಂಡಿಗೆ ತೂರಿಸಿದ.

"ಸುಳ್ಳು ಹೇಳಿದೆ. ನೋಡದೆ ನೋಡಿದೆ ಅಂದೆ. ನೀನು ಹೇಳಿದ್ದು ಏನಂತ ನನಗೆ ಗೊತ್ತಾಗಲಿಲ್ಲ. ಈವತ್ತು ನೋಡಿದೆ, ಬರೀ ಹಡಗು ಇದೆ ಅದರಲ್ಲಿ."

ಒಳಗೆ ಮಗಳು ಅಳುವುದು ಕೇಳಿಸಿತು. ಬಾಯಿಗೆ ಸೆರಗು ತುರುಕಿಕೊಂಡು ಅಳುವ ಸದ್ದು. ಅದನ್ನು ಈ ಮನೆಯಲ್ಲೇ ಕಲಿತಿರಬೇಕು. ಕೀಲಿಯಣ್ಣ ಕಣ್ಣು ಒರೆಸಿಕೊಳ್ಳಲಿಲ್ಲ, ಕೈ ಬಿಡುವಿರಲಿಲ್ಲ. ಟಕ್ ಎಂದಿತು ಬೀಗ.

"ಇನ್ನೊಂದು ಸುತ್ತು ಇದೆ," ಎಂದ.

"ಗೊತ್ತು," ಎಂದಳು ಮಗಳು. "ಸಿನಿಮಾದಲ್ಲಾದ್ರೆ ಇಷ್ಟು ಹೊತ್ತಿಗೆ ತೆಗೆದಿರೋರು."

"ತಲೆಪಿನ್ನಲ್ಲಿ," ಎಂದ ಕೀಲಿಯಣ್ಣ.

"ಸುಳ್ಳು," ಎಂದಳು ಅವಳು, ಅಳುತ್ತಲೇ.

ಎರಡನೆಯ ಟಕ್ ಆದಾಗ ಬಾಗಿಲನ್ನು ತಳ್ಳಬೇಕಾಗಲಿಲ್ಲ, ಅವಳೇ ಎಳೆದಳು. ಕೈಯಲ್ಲಿ ಏನೂ ಇರಲಿಲ್ಲ. ಕಾಲಿಗೆ ಮಾತ್ರ ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು.